ಮುಟ್ಟದೆ ತೆಗೆದ ಅಳತೆ

ಬೈಲಹೊಂಗಲ
ರವಿವಾರ, ೧೭ ನವೆಂಬರ್ ೧೯೭೪

ರಾಮದುರ್ಗದಲ್ಲಿ ಬಾಣಂತನದ ಸಿಂಹಾಸನವೇರಿರುವ ನನ್ನ ತಂಗಿ ಶೆಟ್ಟೆವ್ವಳಿಗೂ, ಈ ಕಾಗದವನ್ನು ಕಸಿದು ಬಾಯಿಗಿಟ್ಟುಕೊಳ್ಳಲು ಹೊಂಚು ಹಾಕುತ್ತಿರುವ ನನ್ನ ಪುಟ್ಟ ಸೋದರಸೊಸೆಗೂ, ಅಣ್ಣ ಬಾಳುವಿನ ಜೈಭೀಮ.

ಈ ಮೂಲಕ ಬೈಲಹೊಂಗಲ, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಸಮಸ್ತ ಪ್ರಜೆಗಳಿಗೆ ಹಾಗೂ ಕಿತ್ತೂರು ನಾಡಿನ ಸಕಲ ಜೀವರಾಶಿಗಳಿಗೆ ತಿಳಿಯಪಡಿಸುವುದೇನೆಂದರೆ: ಶ್ರೀಮಾನ್ ಮಡಿವಾಳೆಪ್ಪನವರ ಬುಲೆಟ್ ಮೋಟಾರ್ ಸೈಕಲ್ಲಿನ ಸೀಟು ಕಿರ್ ಅನ್ನುವುದನ್ನು ನಿಲ್ಲಿಸಿದೆ. ಇದು ಸಣ್ಣ ಸಂಗತಿ ಎಂದು ತಿಳಿಯಬೇಡ. ದೇಗಾಂವಿ ಹತ್ತಿರದ ತಮ್ಮ ಹೊಲಕ್ಕೆ ಅವರು ಇಳಿಜಾರಿನಲ್ಲಿ ಎಂಜಿನ್ ಬಂದ್ ಮಾಡಿ, ಬೆಕ್ಕಿನ ಹಾಗೆ ಬಂದು, ಬೀಡಿ ಸೇದುತ್ತ ಕೂತ ಆಳುಗಳನ್ನು ಹಿಡಿಯಬೇಕೆಂದು ಹವಣಿಸುತ್ತಿದ್ದರು. ಆದರೆ ಆ ಸೀಟು ಆಳುಗಳ ಪಕ್ಷದ್ದು. 'ಎದ್ದೇಳ್ರಿ, ಧಣಿ ಬಂದ್ರು' ಎಂದು ದೂರದಿಂದಲೇ ಕೂಗುತ್ತಿತ್ತು. ನಾನು ಸೀಟು ಬಿಚ್ಚಿ, ಸಡಿಲಾದ ಸ್ಪ್ರಿಂಗಿನ ಕೆಳಗೆ ಕಂಬಳಿಯ ತುಂಡೊಂದನ್ನಿಟ್ಟು ಅದರ ಬಾಯಿ ಮುಚ್ಚಿಸಿದೆ. ಇನ್ನು ಮುಂದೆ ಆ ಹೊಲದಲ್ಲಿ ಯಾರಾದರೂ ಸಿಕ್ಕಿಬಿದ್ದರೆ ಪಾಪ ನನಗೇ ತಟ್ಟಬೇಕು.

'ನಾವೆಲ್ಲ ಇಲ್ಲಿ ಕ್ಷೇಮ' ಎಂದು ಮೊದಲ ಸಾಲಿನಲ್ಲೇ ಬರೆಯುವುದು ಪದ್ಧತಿ. ಸೀಟಿನ ಗದ್ದಲದಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. ನಿನ್ನ ಅತ್ತೆ ಬಾಯವ್ವನವರು 'ಓದಿ ಹೇಳವಾ, ನಿಮ್ಮಣ್ಣ ಏನ ಚ್ಯಾಷ್ಟಿ ಮಾಡ್ಯಾನ ಕೇಳೂಣು' ಎಂದು ಎದುರಿಗೇ ಕೂತಿರುತ್ತಾರೆಂದು ಬಲ್ಲೆ. ಅವರು ನಗಲಿ. ನಗಿಸುವುದಕ್ಕೆ ನನ್ನ ಹತ್ತಿರ ಸರಕು ಬೇಕಾದಷ್ಟಿದೆ.

ಅಣ್ಣ ಏನು ಕೆಲಸ ಮಾಡುತ್ತಾನೆಂದು ನಿಮ್ಮ ಓಣಿಯಲ್ಲಿ ಯಾರಾದರೂ ಕೇಳಿದರೆ ಎದೆ ಸೆಟೆಸಿ ಹೇಳು: ಅವನು ಕೂರುವವರ ಶಾಸ್ತ್ರ ಓದಿದ್ದಾನೆ. ಬೆಳಗಾವಿಯ ಕ್ಯಾಂಪಿನಲ್ಲಿ ಮೋಟಾರ್ ಸೈಕಲ್ ರಿಪೇರಿ ಕಲಿಯಲು ಹೋದವನು ನಾನು. ಗ್ಯಾರೇಜಿನ ಪಕ್ಕದಲ್ಲೇ ಲಗಮಣ್ಣ ಮಾಮಾನ ಅಂಗಡಿ. ಮೊದಲು ಪಲ್ಟಣಿನಲ್ಲಿ ಕುದುರೆಯ ಜೀನು ಹೊಲಿಯುತ್ತಿದ್ದವನು. ಕುದುರೆಗಳು ಹೋಗಿ ಮೋಟಾರ್ ಸೈಕಲ್ಲುಗಳು ಬಂದ ಮೇಲೆ ಅವುಗಳ ಸೀಟು, ಸಾಹೇಬರ ಪಿಸ್ತೂಲಿನ ಚೀಲ ಹೊಲಿಯತೊಡಗಿದ. ಒಂದು ದಿನ ನಾನು ಸೀಟು ರಿಪೇರಿಗೆ ಒಯ್ದು ಕೊಟ್ಟೆ. ಅವನು ಒಂದೇ ದಾರಕ್ಕೆ ಎರಡೂ ತುದಿಯಲ್ಲಿ ಸೂಜಿ ಪೋಣಿಸಿ, ಒಂದೇ ತೂತಿನಲ್ಲಿ ಆ ಕಡೆಯಿಂದೊಂದು ಈ ಕಡೆಯಿಂದೊಂದು ದಾಟಿಸುವುದನ್ನು ನೋಡುತ್ತ ನಿಂತವನು ಗ್ಯಾರೇಜನ್ನೇ ಮರೆತೆ. 'ಏನ ಹಂಗ ಬಾಯಿ ತಕ್ಕೊಂಡು ನಿಂತಿ? ನೊಣ ಹೊಕ್ಕೀತು. ಕುಂದರು, ಹಿಡಿ' ಎಂದು ಸೂಜಿ ಕೊಟ್ಟ. ಕೂತೆ. ಅಷ್ಟೇ ನನ್ನ ವಿದ್ಯಾಭ್ಯಾಸದ ಕಥೆ.

ತೊಗಲಿಗೆ ಬೆನ್ನಿನ ಕಡೆ, ಹೊಟ್ಟೆಯ ಕಡೆ ಎಂದು ಇರುತ್ತದೆ. ಬೆನ್ನಿನದು ಬಿಗಿ, ಹೊಟ್ಟೆಯದು ಹಿಗ್ಗುತ್ತದೆ. ಇದನ್ನು ಮಾಮಾ ಹೇಳಿದಾಗ ನಾನು ಹೂಂ ಅಂದಿದ್ದೆ, ಕೇಳಿರಲಿಲ್ಲ. ನನ್ನ ಮೊದಲ ಪಿಸ್ತೂಲಿನ ಚೀಲವನ್ನು ಹೊಟ್ಟೆಯ ತೊಗಲಿನಲ್ಲೇ ಕತ್ತರಿಸಿದೆ. ನಿವೃತ್ತ ಸುಬೇದಾರರೊಬ್ಬರು ಅದನ್ನು ಕಟ್ಟಿಕೊಂಡು ಮದುವೆಗೆ ಹೋದರು. ಬೀಗರ ಪೈಕಿ ಹಿರಿಯರೊಬ್ಬರ ಕಾಲು ಮುಟ್ಟಲು ಬಗ್ಗಿದಾಗ ಹಿಗ್ಗಿದ ಚೀಲದಿಂದ ಪಿಸ್ತೂಲು ಜಾರಿ ಆ ಹಿರಿಯರ ಹೆಬ್ಬೆರಳಿನ ಮೇಲೆಯೇ ಬಿತ್ತು. ಪುಣ್ಯಕ್ಕೆ ಗುಂಡು ತುಂಬಿರಲಿಲ್ಲ. ಅರ್ಧ ಬಂದಿದ್ದ ಆಶೀರ್ವಾದ ಅಲ್ಲಿಗೇ ನಿಂತಿತು. ಮರುದಿನ ಸುಬೇದಾರರು ಬಂದು ಕೂಗಾಡಿ ಹೋದ ಮೇಲೆ ಮಾಮಾ ನನಗೆ ಹೇಳಿದ್ದು ಇಷ್ಟೇ: 'ಈಗ ಕಲತಿ ನೋಡ.'

ಊರಿಗೆ ಬಂದು ನಾನೇ ಅಂಗಡಿ ಇಟ್ಟಾಗ ಮೊದಲ ದೊಡ್ಡ ಗಿರಾಕಿ ಮಡಿವಾಳೆಪ್ಪನವರು. ಸೀಟೂ ಬೇಕು, ರಿವಾಲ್ವರಿಗೆ ಚೀಲವೂ ಬೇಕು. 'ಸೀಟು ನನ್ನ ಮೈಗೆ ಹೇಳಿ ಮಾಡಿಸಿದಂಗ ಇರಬೇಕು ನೋಡಪಾ' ಎಂದರು. ನಾನು ಟೇಪು ಹಿಡಿದು ಮುಂದೆ ಬಂದೆ. ಅವರು ಅಷ್ಟೇ ಹಿಂದೆ ಸರಿದರು. 'ಅಳತಿ ತಗೋ. ದೂರಿಂದನ ತಗೋ' ಎಂದರು. ದೂರದಿಂದ ಸೊಂಟದ ಅಳತೆ ತೆಗೆಯುವುದು ಹೇಗೆ ಶೆಟ್ಟು? ಅದನ್ನು ಲಗಮಣ್ಣ ಮಾಮಾ ಕಲಿಸಿರಲಿಲ್ಲ. ಪಲ್ಟಣಿನಲ್ಲಿ ಆ ಪಾಠ ಇರಲಿಲ್ಲ. ಆಗ ನನಗೊಂದು ಉಪಾಯ ಹೊಳೆಯಿತು. ಚೀಲದಲ್ಲಿ ಹಸಿ ಮರಳು ತುಂಬಿ ಹಲಗೆಯ ಮೇಲಿಟ್ಟು, ದೂರ ನಿಂತು, 'ಕುಂದರ್ರಿ ಧಣೇರ' ಅಂದೆ. ಬುಲೆಟ್ಟಿನ ಮೇಲೆ ಕೂತ ಹಾಗೆಯೇ ಮೀಸೆ ತೀಡಿಕೊಂಡು ಕೂತರು. ಎದ್ದು ಹೋದ ಮೇಲೆ ನೋಡಿದರೆ ಎಮ್ಮೆ ಮಲಗಿ ಎದ್ದಂಥ ಗುಂಡಿ. ಎಡಗಡೆ ಆಳ, ಬಲಗಡೆ ಮೇಲೆ. ಎಲೆ ಅಡಿಕೆ ಹಾಕಿಕೊಂಡು ಕಟ್ಟೆಯ ಮೇಲೆ ಎಡಕ್ಕೆ ವಾಲಿ ಉಗುಳಿ ಉಗುಳಿ ಆದ ಆಕಾರ ಅದು. ಆ ಗುಂಡಿಯನ್ನೇ ಅಳೆದು ಸೀಟು ಮಾಡಿದೆ. 'ಬಾಳ್ಯಾನ ಸೀಟಿನ ಮ್ಯಾಲ ಕುಂತ್ರ ನಮ್ಮ ಮನಿ ಗಾದಿ ಮ್ಯಾಲ ಕುಂತಂಗ ಆಕ್ಕೈತಿ' ಎಂದು ಅವರೇ ಊರೆಲ್ಲ ಹೇಳಿದರು. ಈಗ ಸವದತ್ತಿಯಿಂದ ಕೂಡ ಜನ ಬಂದು ನನ್ನ ಮರಳಿನ ಮೇಲೆ ಕೂರುತ್ತಾರೆ. ಮುಟ್ಟಿ ಅಳೆದಿದ್ದರೆ ನಾನು ಇಷ್ಟು ಹೆಸರು ಮಾಡುತ್ತಿರಲಿಲ್ಲ.

ರಿವಾಲ್ವರಿನ ಚೀಲದ ಸೊಂಟಪಟ್ಟಿಗೆ ಮಾತ್ರ ಮರಳು ನಡೆಯಲಿಲ್ಲ. ಅವರು ಮನೆಯಲ್ಲೇ ಪುಂಡಿ ನಾರಿನ ಹಗ್ಗ ಸೊಂಟಕ್ಕೆ ಸುತ್ತಿ, ಗಂಟು ಹಾಕಿ, ಆಳಿನ ಕೈಯಲ್ಲಿ ಕಳಿಸಿಕೊಟ್ಟರು. ದಾರಿಯಲ್ಲಿ ಮಳೆ. ಹಗ್ಗ ತೊಯ್ದು ಕುಗ್ಗಿತು. ನಾನು ಅದನ್ನೇ ನಂಬಿ ಪಟ್ಟಿ ಕತ್ತರಿಸಿದೆ. ಧಣಿಗಳು ಉಸಿರು ಹಿಡಿದು, ಹೊಟ್ಟೆ ಒಳಗೆಳೆದು, ಕಣ್ಣು ಕೆಂಪಗೆ ಮಾಡಿಕೊಂಡರೂ ಬಕ್ಕಲು ತೂತಿಗೆ ಮುಟ್ಟಲಿಲ್ಲ. 'ಇದೇನ ಕರುವಿಗೆ ಮಾಡೀಯೇನಲೇ?' ಎಂದರು. 'ಹಗ್ಗದ ಮಾತು ಕೇಳೀನ್ರಿ ಧಣೇರ, ನಿಮ್ಮನ್ನ ಕೇಳಿಲ್ಲ' ಅಂದೆ. ಮತ್ತೊಂದು ಪಟ್ಟಿ ಕತ್ತರಿಸಿದೆ. ಸತ್ತ ಎತ್ತಿನ ತೊಗಲು ಅವರ ಹೊಟ್ಟೆಯನ್ನು ದಿನವಿಡೀ ತಬ್ಬಿಕೊಂಡಿರುತ್ತದೆ. ಅದನ್ನು ಹೊಲಿದ ಕೈ ಮಾತ್ರ ಆ ಕಡೆ ಹೋಗುವಂತಿಲ್ಲ.

ಅತ್ತೆಯವರು ನಕ್ಕಿದ್ದರೆ ಅವರಿಗೆ ನನ್ನ ನಮಸ್ಕಾರ ಹೇಳು. ಇಲ್ಲಿಗೆ ಓದಿ ಹೇಳುವುದನ್ನು ನಿಲ್ಲಿಸು. ಕೂಸು ಅಳುತ್ತಿದೆ ಎಂದೋ ಏನೋ ನೆವ ಹೇಳಿ ಒಳಗೆ ಹೋಗು. ಇಲ್ಲಿಂದ ಮುಂದೆ ಮನಸ್ಸಿನಲ್ಲೇ ಓದಿಕೋ.

ಅಪ್ಪ ಮಾರ್ಕೆಟ್ ಯಾರ್ಡಿನಲ್ಲಿ ಕಾಲು ಜಾರಿ ಬಿದ್ದಿದ್ದಾನೆ, ಹುಷಾರಾಗುತ್ತಿದ್ದಾನೆ ಎಂದು ಹಿಂದಿನ ಕಾಗದದಲ್ಲಿ ಬರೆದಿದ್ದೆ. ಕಾಲು ಜಾರಿರಲಿಲ್ಲ ಶೆಟ್ಟು. ಹಮಾಲಿ ಮಾಡುವಾಗ, ಹತ್ತಿಯ ಅಂಡಿಗೆ ಬೆನ್ನಿನ ಮೇಲಿದ್ದ ಹಾಗೆಯೇ ಲಕ್ವಾ ಹೊಡೆಯಿತು. ಎಡಗಡೆಯ ಕೈಕಾಲು ಹೋಗಿವೆ. ದಸರೆಯಿಂದ ಮಲಗಿದವನು ಎದ್ದಿಲ್ಲ. ನಿನಗೆ ತಿಳಿಸುತ್ತೇನೆಂದರೆ ಅವ್ವ ಬಿಡಲಿಲ್ಲ. 'ಹಸಿ ಬಾಣಂತಿ ಅದಾಳ. ದುಃಖ ಕೇಳಿದ್ರ ಎದಿಹಾಲು ಬತ್ತತೈತಿ. ಕೂಸಿನ ಬಾಯಾಗ ಮಣ್ಣ ಹಾಕಬ್ಯಾಡ' ಎಂದು ನನ್ನ ಕೈಯಿಂದ ಪೆನ್ನು ಕಿತ್ತುಕೊಂಡಳು. ಅದಕ್ಕೇ ಇಷ್ಟು ದಿನ ನಿನಗೆ ಮಡಿವಾಳೆಪ್ಪನವರನ್ನು ಕೊಟ್ಟು ಅಪ್ಪನನ್ನು ಮುಚ್ಚಿಟ್ಟೆ.

ನಿನಗೆ ಗೊತ್ತಲ್ಲ, ನಾನು ತೊಗಲು ಹಿಡಿದ ಮೇಲೆ ಅಪ್ಪ ನನ್ನ ಅಂಗಡಿಯ ಕಡೆ ತಿರುಗಿ ನೋಡಿದವನಲ್ಲ. ಯಾರ್ಡಿಗೆ ಹೋಗುವಾಗ ನನ್ನ ಬಾಗಿಲು ಬಂದರೆ ರಸ್ತೆ ದಾಟಿ ಆಚೆ ಮಗ್ಗುಲಿನಿಂದ ಹೋಗುತ್ತಿದ್ದ. ನಾವು ಸಣ್ಣವರಿದ್ದಾಗ ಸಂಗೊಳ್ಳಿಯಲ್ಲಿ ಸತ್ತ ದನ ಎಳೆಯುವುದನ್ನು ಬಿಟ್ಟ ದಿನ, ತೊಗಲು ಕೊಯ್ಯುವ ರಂಪಿಗೆ, ತೂತು ಹಾಕುವ ಆರಿ, ಬಡಿಯುವ ಕೊಡತಿ ಎಲ್ಲ ಗಂಟು ಕಟ್ಟಿ ಮಲಪ್ರಭೆಗೆ ಎಸೆದನಲ್ಲ, ಆಮೇಲೆ ಬುದ್ಧನ ಫೋಟೋ ತಂದು ಗೋಡೆಗೆ ತೂಗು ಹಾಕಿದ. ಆ ದಿನದಿಂದ 'ತೊಗಲು ನನ್ನ ಮೈಗೆ ತಾಗಬಾರದು' ಎಂದು ಆಣೆ ಮಾಡಿಕೊಂಡವನು ಟಾಯರಿನ ಚಪ್ಪಲಿಯಲ್ಲೇ ಕಾಲ ಕಳೆದ. ಆ ಗಂಟು ಹರಿದು ನಿಮ್ಮ ರಾಮದುರ್ಗದ ಕಡೆ ಬಂದಿದ್ದರೆ ಎತ್ತಿಡು ಎಂದು ಹಿಂದೊಮ್ಮೆ ನಿನಗೆ ತಮಾಷೆ ಮಾಡಿದ್ದೆ. ಈಗ ಸವದತ್ತಿಯ ಅಣೆಕಟ್ಟು ಅದನ್ನು ಅಲ್ಲೇ ತಡೆದಿರಬೇಕು.

ಬೆಳಗಾವಿಯಿಂದ ಬಂದು ಅಂಗಡಿ ಇಡುತ್ತೇನೆಂದಾಗ ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. 'ಆ ನಾತ ನನ್ನ ಕೈಗೇ ಮುಗೀಲಿ ಅಂತ ಹೊಳಿಗೆ ಒಗದಿದ್ದೆ. ನೀ ಹೊಳ್ಯಾಗ ಮುಣಗಿ ಹುಡಿಕ್ಯಾಡಿ ತಂದಿ' ಅಂದ. ಇದು ದನ ಎಳೆಯುವುದಲ್ಲಪ್ಪಾ, ಮೋಟಾರ್ ಸೈಕಲ್ ಕೆಲಸ ಅಂದೆ. 'ಮೋಟಾರ್ ಸೈಕಲ್ಲಿನ ತೊಗಲು ಏನ ಗಿಡದಾಗ ಬಿಡತೈತೇನು?' ಎಂದು ಕೇಳಿ ಮಗ್ಗುಲು ಬದಲಿಸಿದ. ಅಂದಿನಿಂದ ನಾನು ಹಿತ್ತಲಿನಲ್ಲಿ ಜಳಕ ಮಾಡಿ, ಬೇರೆ ಬಟ್ಟೆ ಉಟ್ಟು ಒಳಗೆ ಬರಬೇಕು. ಮಡಿವಾಳೆಪ್ಪನವರಿಗೆ ನನ್ನ ಕೆಲಸ ಬೇಕು, ಕೈ ಬೇಡ. ಅಪ್ಪನಿಗೆ ನನ್ನ ಕೈ ಬೇಕು, ಕೆಲಸ ಬೇಡ. ಇಬ್ಬರ ನಡುವೆ ನಾನು ಬಹಳ ಸ್ವಚ್ಛವಾದ ಮನುಷ್ಯನಾದೆ ನೋಡು, ದಿನಕ್ಕೆ ಎರಡು ಜಳಕ.

ಮಲಗಿದಲ್ಲೇ ಮಲಗಿ ಅವನ ಸೊಂಟದ ಮೇಲೆ, ಬೆನ್ನಿನ ಕೆಳಗೆ ಹುಣ್ಣಾದವು. ದವಾಖಾನೆಯ ಡಾಕ್ಟರು ಬಂದು ನೋಡಿ, ಮಗ್ಗುಲು ಬದಲಿಸುತ್ತಿರಿ, ಹುಣ್ಣಿನ ಮೇಲೆ ಭಾರ ಬೀಳಬಾರದು ಅಂದರು. ಬದಲಿಸಿದೆವು. ಇಷ್ಟು ವರ್ಷ ಹತ್ತಿ ಹೊತ್ತವನಿಗೆ ಹತ್ತಿಯ ಗಾದಿಯೇ ವೈರಿಯಾಯಿತು. ಒದ್ದೆಯಾಗಿ, ಗಂಟು ಗಂಟಾಗಿ, ಒತ್ತತೊಡಗಿತು. ತೊಗಲಲ್ಲದ, ತೊಗಲಿನಂತೆ ಕಾಣುವ ರೆಕ್ಸಿನ್ ಹಾಸಿದೆ. ಅದು ಬೆವರಿಗೆ ಅಂಟಿಕೊಂಡು, ಎತ್ತುವಾಗ ಚರ್ಮ ಕಿತ್ತುಕೊಂಡೇ ಬಂತು. ಅಪ್ಪ ಕೂಗುವುದಿಲ್ಲ. ಸರಿಯಿದ್ದ ಕೈಯಿಂದ ಗೋಡೆ ಕೆರೆಯುತ್ತಾನೆ. ಅಲ್ಲಿ ಸುಣ್ಣ ಉದುರಿ ಮಣ್ಣು ಕಾಣಿಸಿಕೊಂಡಿದೆ.

ನನಗೆ ಗೊತ್ತಿರುವುದು ಒಂದೇ ವಿದ್ಯೆ, ಕೂರುವವರ ಶಾಸ್ತ್ರ. ಮರಳಿನ ಬದಲು ಚೀಲದಲ್ಲಿ ಒಣ ಜೋಳ ಅರ್ಧ ತುಂಬಿ ಹರವಿದೆ. ನಾನೂ ಅವ್ವನೂ ಅಪ್ಪನನ್ನು ಎತ್ತಿ ಅದರ ಮೇಲೆ ಮಲಗಿಸಿದೆವು. ಎತ್ತಲು ನಾನೊಬ್ಬನೇ ಸಾಕಾಗಿತ್ತು. ಅವ್ವ ಸುಮ್ಮನೆ ತಲೆ ಹಿಡಿದಳು. 'ಏನ್ ನಡಸೀಯಪಾ? ನನಗೂ ಮೋಟಾರ್ ಸೈಕಲ್ ಕೊಡಸಾವೇನು?' ಎಂದು ಕೇಳಿದ. ಮಾತು ತೊದಲುತ್ತದೆ, ಕೊಂಕು ಮಾತ್ರ ಸ್ಪಷ್ಟ. 'ಹೂಂ, ಬುಲೆಟ್ಟ' ಅಂದೆ. 'ಹಂಗಾರ ಹಾರ್ನ್ ದೊಡ್ಡದ ಹಾಕಸು' ಅಂದ. ಅವ್ವ ಸೆರಗು ಬಾಯಿಗಿಟ್ಟು ನಕ್ಕಳು, ನಗುತ್ತ ಹೊರಗೆ ಹೋದವಳು ಬಹಳ ಹೊತ್ತು ಒಳಗೆ ಬರಲಿಲ್ಲ.

ಅವನನ್ನು ಎತ್ತಿದ ಮೇಲೆ ಜೋಳದ ಮೇಲಿನ ಗುರುತು ನೋಡಿದೆ. ಎಷ್ಟೋ ಜನರ ಗುಂಡಿ ಅಳೆದಿದ್ದೇನೆ ಶೆಟ್ಟು. ಅಪ್ಪ ಬಿಟ್ಟ ಗುರುತು ಕೋಳಿ ಕೂತು ಎದ್ದು ಹೋದಷ್ಟಿತ್ತು. ಅಳೆಯಲು ಏನೂ ಇರಲಿಲ್ಲ.

ಆದರೂ ಅಳೆದೆ. ಹುಣ್ಣಿರುವ ಕಡೆ ಸ್ಪಂಜಿನಲ್ಲಿ ಕುಳಿ ತೆಗೆದೆ, ಭಾರ ಅದರ ಸುತ್ತ ಬೀಳುವಂತೆ. ಮೇಲೆ ಹೊದಿಸುವುದು ಏನನ್ನು? ಬಟ್ಟೆ ಹೀರುತ್ತದೆ, ರೆಕ್ಸಿನ್ ಅಂಟುತ್ತದೆ. ಗಾಳಿಯಾಡುವ, ಮೆತ್ತಗಿನ, ಮೈಯ ಜೊತೆ ಬಗ್ಗುವ ವಸ್ತು ಲೋಕದಲ್ಲಿ ಒಂದೇ ಇದೆ. ಅವ್ವ ನನ್ನ ಮುಖ ನೋಡಿಯೇ ತಿಳಿದುಕೊಂಡಳು. 'ತೊಗಲಂತ ಗೊತ್ತಾದ್ರ ನೆಲದ ಮ್ಯಾಲ ಉಳ್ಳಿ ಬಿದ್ದು ಸಾಯತಾನ, ಅದರ ಮ್ಯಾಲ ಮಲಗೂದಿಲ್ಲ' ಅಂದಳು. 'ಹೇಳೂದು ಬ್ಯಾಡ' ಅಂದೆ. ಅವಳು ಗೋಡೆಯ ಹತ್ತಿರ ಹೋಗಿ, ಸುಣ್ಣ ಉದುರಿದ ಜಾಗವನ್ನು ಕೈಯಿಂದ ಸವರಿ ಬಂದಳು.

ಬೆಳಗಾವಿಯಿಂದ ಲಗಮಣ್ಣ ಮಾಮಾ ಆಡಿನ ತೊಗಲು ಕಳಿಸಿಕೊಟ್ಟ. ಅಷ್ಟು ಮೆತ್ತಗಿನದನ್ನು ನಾನು ಯಾವ ಸಾಹೇಬರಿಗೂ ಹೊಲಿದಿಲ್ಲ. ಗಾಳಿಗೆ ಸಣ್ಣ ತೂತು ಹಾಕಿದೆ. ಹೊಲಿಗೆ ಮೈಗೆ ಒತ್ತದ ಹಾಗೆ ಒಳಮಗ್ಗುಲಿಗೆ ತಿರುಗಿಸಿದೆ. ವಾಸನೆ ಹೋಗಲೆಂದು ಕರ್ಪೂರ ಉಜ್ಜಿ, ನಿನ್ನ ಹಳೆಯ ಪೌಡರಿನ ಡಬ್ಬಿ ಖಾಲಿ ಮಾಡಿದೆ. ಅಪ್ಪನನ್ನು ಮಲಗಿಸಿದೆವು. ಅವನು ಸರಿಯಿದ್ದ ಕೈಯನ್ನು ಅದರ ಮೇಲೆ ಒಮ್ಮೆ ಆಡಿಸಿದ. ಅಂಚಿಗೆ ಬಂದು ಹೆಬ್ಬೆರಳು ನಿಂತಿತು.

'ಏನಿದು?'

'ರೆಕ್ಸಿನ್ನಪಾ.'

'ಎಲ್ಲೀದು?'

'ಬೆಳಗಾವೀದು. ಹೊಸಾದು ಬಂದೈತಿ.'

'ಹೂಂ' ಎಂದ. 'ಚಲೋ ರೆಕ್ಸಿನ್ ಐತಿ.'

ಆ ಮಧ್ಯಾಹ್ನ ಅವನು ಗೋಡೆ ಕೆರೆಯದೆ ನಿದ್ದೆ ಮಾಡಿದ. ಹುಣ್ಣು ಒಣಗತೊಡಗಿದವು. ಡಾಕ್ಟರು ಬಂದವರು ಆ ಹಾಸಿಗೆಯನ್ನು ಒತ್ತಿ ಒತ್ತಿ ನೋಡಿ, ಇದು ಎಲ್ಲಿ ಸಿಗುತ್ತದೆ ಎಂದು ಕೇಳಿದರು. ನಾನು ಹಿಗ್ಗಬೇಕಾಗಿತ್ತು. ಹಿಗ್ಗಲಿಲ್ಲ. ತೊಗಲು ಮೈಗೆ ತಾಗಬಾರದು ಎಂಬುದು, ಅಪ್ಪ ತನ್ನ ಜೀವಮಾನದಲ್ಲಿ ತನ್ನಷ್ಟಕ್ಕೆ ತಾನೇ ಮಾಡಿಕೊಂಡ ಆಣೆ ಅದೊಂದೇ. ಕೈಕಾಲು ಆಡದವನ ಕೆಳಗಿನಿಂದ ಅದನ್ನು ಕದ್ದೆ. ಅವನು ಕಣ್ಣು ಮುಚ್ಚಿ ನೆಮ್ಮದಿಯಿಂದ ಮಲಗಿದಷ್ಟೂ ನನಗೆ ಅವನ ಪಕ್ಕ ಕೂರಲಾಗುತ್ತಿಲ್ಲ. ಏನಾದರೂ ನೆವ ಮಾಡಿ ಅಂಗಡಿಗೆ ಓಡುತ್ತೇನೆ. ಮಡಿವಾಳೆಪ್ಪನವರ ಸೀಟಿನ ಕಿರಿಕಿರಿ ಅಷ್ಟು ಶ್ರದ್ಧೆಯಿಂದ ನಿಲ್ಲಿಸಿದ್ದು ಹೀಗೆ.

ಹುಣ್ಣು ಒಣಗಿದವು, ಅಪ್ಪ ಒಣಗುವುದು ನಿಲ್ಲಲಿಲ್ಲ. ಈಗ ಗಂಜಿಯೂ ಇಳಿಯುತ್ತಿಲ್ಲ. ಡಾಕ್ಟರು ಹೊರಗೆ ಕರೆದು, ಬರಬೇಕಾದವರಿಗೆ ಹೇಳಿಕಳಿಸಿ ಅಂದರು. ಬರಬೇಕಾದವಳು ನೀನೊಬ್ಬಳೇ. ಎರಡು ಸಲ 'ಕೂಸಿನ ಮೂಗು ಯಾರಂಗ ಐತಿ?' ಎಂದು ಕೇಳಿದ. ನಿನ್ನ ಹಾಗೆಯೇ ಅಂದೆ. 'ಪಾಪ' ಅಂದ.

ನಿನ್ನ ಹಾಲು ಬತ್ತದಿರಲಿ. ಈ ಕಾಗದ ಓದಿ ಅಳುವುದಾದರೆ ಮೊದಲು ಕೂಸಿಗೆ ಕುಡಿಸಿ ಆಮೇಲೆ ಅಳು. ಅತ್ತು ಮುಗಿಸಿ ಸವದತ್ತಿ ಮೇಲಿನ ಬಸ್ಸು ಹಿಡಿ.

ನಿನ್ನ ಅಣ್ಣ,
ಬಾಳು ಗಂಗಪ್ಪ

ತಾಜಾ ಕಲಂ:
ಕವರಿಗೆ ಅಂಟು ಹಚ್ಚುವ ಹೊತ್ತಿಗೆ ಅಪ್ಪ ಕರೆದ. ಹೋದೆ. ಹಾಸಿಗೆಯ ಅಂಚನ್ನು ಬೆರಳಿನಲ್ಲಿ ಹಿಡಿದುಕೊಂಡಿದ್ದ. 'ಬಾಳ್ಯಾ, ಥಂಡಿ ಬಂತು. ಈ ರೆಕ್ಸಿನ್ನಿಗೆ ಔಡಲೆಣ್ಣಿ ಹಚ್ಚು. ಇಲ್ಲಂದ್ರ ಬಿರೀತೈತಿ. ಸುರೀಬ್ಯಾಡ ಮತ್ತ, ಅರಿವಿ ತುಂಡಿಲೆ ತುಸು ತುಸು ತಿಕ್ಕು' ಅಂದ. ಒಲೆಯ ಮುಂದಿದ್ದ ಅವ್ವ ಊದುವುದನ್ನು ನಿಲ್ಲಿಸಿದಳು. ಲೋಕದಲ್ಲಿ ರೆಕ್ಸಿನ್ನಿಗೆ ಎಣ್ಣೆ ತಿಕ್ಕುವವರಿಲ್ಲ ಶೆಟ್ಟು. ತೊಗಲಿಗೆ ತಿಕ್ಕುತ್ತಾರೆ. ಮೊದಲ ದಿನ ಹೆಬ್ಬೆರಳು ಅಂಚಿನಲ್ಲಿ ನಿಂತಿತಲ್ಲ, ಆಗಲೇ ಅವನಿಗೆ ಎಲ್ಲ ಗೊತ್ತಾಗಿತ್ತು. 'ಹೂಂನಪಾ, ರೆಕ್ಸಿನ್ನಿಗೆ ಹಚ್ಚತೇನಿ' ಅಂದೆ. 'ನೀನ ಹಚ್ಚು. ನಿಮ್ಮವ್ವಗ ತಿಳಿಯೂದಿಲ್ಲ' ಅಂದ. ನಾನು ಈಗ ಅಂಗಡಿಗೆ ಹೋಗುತ್ತಿಲ್ಲ. ಅವನ ಪಕ್ಕದಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ.

ಇಲ್ಲಿ ಅಂಗಡಿಯಲ್ಲಿ ಸಿಗುವ ಔಡಲೆಣ್ಣೆಯಲ್ಲಿ ಬರೀ ಕಲಬೆರಕೆ. ಕೂಸಿಗೆ ಹಚ್ಚಲು ಬಾಯವ್ವನವರು ಮನೆಯಲ್ಲೇ ಕಾಸಿದ ಎಣ್ಣೆ ಇರುತ್ತದಲ್ಲ, ಬರುವಾಗ ಅದರಲ್ಲಿ ಒಂದು ಸಣ್ಣ ಬಾಟಲಿ ತಾ. ಬೂಚು ಬಿಗಿಯಾಗಿ ಹಾಕು, ಬಸ್ಸಿನಲ್ಲಿ ಚೆಲ್ಲೀತು. ಕೂಸಿಗೆ ಕಡಿಮೆ ಬೀಳದ ಹಾಗೆ ನೋಡಿಕೊಂಡು ತಾ.